ಚಿಕನ್ ತಿನ್ನಬಹುದಾ ಅನ್ನೋದಲ್ಲ ಪ್ರಶ್ನೆ



ಹಕ್ಕಿ ಜ್ವರದ ಸುದ್ದಿ ಬಂದಾಗಲೆಲ್ಲ ಎಲ್ಲರೂ ಕೇಳೋದು, ಚಿಕನ್ ತಿನ್ನಬಹುದಾ ಅಂತ. ತಿನ್ನಿ, ಚೆನ್ನಾಗಿ ಬೇಯಿಸಿ ತಿನ್ನಿ. ನನ್ನ ಪ್ರಶ್ನೆ ಬೇರೆ. ನಾಳೆ ಇದು ಮನುಷ್ಯರಿಂದ ಮನುಷ್ಯರಿಗೆ ಹರಡೋ ಕಾಯಿಲೆಯಾದರೆ ಹೆಚ್ಚು ಸಾಯೋರು ಯಾರು? ಉತ್ತರ ನೂರು ವರ್ಷದ ಹಿಂದಿನ ಬಾಂಬೆಯ ಲೆಕ್ಕದಲ್ಲಿದೆ.

1918ರ ಜೂನ್. ಮೊದಲ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಬಾಂಬೆಯಲ್ಲಿ ಕೆಲವು ಪೊಲೀಸ್ ಸಿಪಾಯಿಗಳು ಜ್ವರ ಬಂದು ಆಸ್ಪತ್ರೆ ಸೇರಿದರು, ಅವರಲ್ಲೊಬ್ಬ ಬಂದರಿನ ಕಾವಲಿಗಿದ್ದವನು. ಹಡಗಿನಲ್ಲಿ ಬಂದ ರೋಗ ರೈಲು ಹತ್ತಿ ದೇಶವೆಲ್ಲ ಸುತ್ತಿತು. ಆ ವರ್ಷ ಮಳೆಯೂ ಕೈಕೊಟ್ಟಿತ್ತು, ಕಾಳುಕಡ್ಡಿ ಬೆಲೆ ಏರಿತ್ತು. ಸೆಪ್ಟೆಂಬರ್‌ನಲ್ಲಿ ಎರಡನೇ ಅಲೆ ಬಂತು. ಅಕ್ಟೋಬರ್ 6ರಂದು ಒಂದೇ ದಿನ ಬಾಂಬೆಯಲ್ಲಿ 768 ಸಾವು. ಇಡೀ ಭಾರತದಲ್ಲಿ 1.2 ಕೋಟಿಯಿಂದ 1.8 ಕೋಟಿ ಜನ ಸತ್ತರು ಅಂತ ಅಂದಾಜು. ಆ ವೈರಸ್ಸಿನ ಜೀನುಗಳು ಹಕ್ಕಿಗಳ ಫ್ಲೂ ವೈರಸ್ಸಿಗೆ ಬಹಳ ಹತ್ತಿರದವು ಅಂತ ವಿಜ್ಞಾನಿಗಳು 2005ರಲ್ಲಿ ತೋರಿಸಿದರು.

ಈಗ ಅಸಲು ಲೆಕ್ಕ ನೋಡಿ. ಬಾಂಬೆ ನಗರದಲ್ಲಿ ಸಾವಿರಕ್ಕೆ ಸತ್ತವರು: ಯುರೋಪಿಯನ್ನರು 8.3. ಪಾರ್ಸಿಗಳು 9. ಮೇಲಿನ ಜಾತಿ ಹಿಂದೂಗಳು 18.9. ‘ಕೆಳಜಾತಿ ಹಿಂದೂಗಳು’ 61.6. ವೈರಸ್ಸಿಗೆ ಜಾತಿ ಇಲ್ಲ ಅಂತ ಭಾಷಣ ಬಿಗಿಯೋರು ಈ ಅಂಕಿ ಓದಲಿ. ಹೌದು, ವೈರಸ್ಸಿಗೆ ಇಲ್ಲ. ಗಾಳಿ ಇಲ್ಲದ ಒಂದೇ ಕೋಣೆ ಯಾರದ್ದು, ಖಾಲಿ ಹೊಟ್ಟೆ ಯಾರದ್ದು ಅನ್ನೋದಕ್ಕೆ ಇತ್ತು. ಸರ್ಕಾರದ ಕೈ ಸಾಲದೆ ಜಾತಿ, ಸಮುದಾಯದ ಸಂಘಗಳೇ ಔಷಧಿ ಹಂಚಿದವು. ಯಾರ ಸಂಘದಲ್ಲಿ ಕಾಸಿತ್ತು ಅಂತ ನಾನು ಹೇಳಬೇಕಾ?

ಅದೇ ನವೆಂಬರ್‌ನಲ್ಲಿ ಬಾಬಾಸಾಹೇಬರು ಅದೇ ಊರಿನ ಸಿಡನ್‌ಹ್ಯಾಮ್ ಕಾಲೇಜಿಗೆ ಪ್ರೊಫೆಸರ್ ಆಗಿ ಸೇರಿದರು. ಸ್ಟಾಫ್ ರೂಮಿನ ನೀರಿನ ಪಾತ್ರೆ ಅವರು ಮುಟ್ಟಬಾರದು ಅಂತ ಅಲ್ಲಿ ತಕರಾರು ಬಂತು. ಊರು ತುಂಬ ಹೆಣ ಬಿದ್ದ ಮೇಲೂ ಆ ಮಹಾನುಭಾವರಿಗೆ ಕಂಡ ಸೋಂಕು ಅದು!

ನಮ್ಮಲ್ಲೂ ಹಕ್ಕಿ ಜ್ವರ ಹೊಸದಲ್ಲ. 2012ರಲ್ಲಿ ಹೆಸರಘಟ್ಟ, 2020ರಲ್ಲಿ ಮೈಸೂರು, ದಾವಣಗೆರೆ, 2025ರಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ. ಮನುಷ್ಯರಿಗೆ ತಗಲೋದು ಅಪರೂಪ. ಆದರೆ ಎಚ್5ಎನ್1 ತಗಲಿದ್ದು ಖಚಿತವಾದವರಲ್ಲಿ ಪ್ರಪಂಚದಾದ್ಯಂತ ಹೆಚ್ಚುಕಡಿಮೆ ಅರ್ಧ ಜನ ಉಳಿದಿಲ್ಲ. ಕೋಳಿ ಕೊಂದು ಹೂಳುವವರಿಗೆ ಪೂರ್ತಿ ಕಿಟ್, ಟ್ಯಾಮಿಫ್ಲೂ ಮಾತ್ರೆ, ಆಮೇಲೆ ಆರೋಗ್ಯದ ನಿಗಾ ಅಂತ ಮಾರ್ಗಸೂಚಿಯಲ್ಲಿದೆ. ಇನ್ನೊಂದು ವಿಷಯ ನಮ್ಮ ಕೇರಿಗಳಲ್ಲಿ ಹೇಳಿ: ಸರ್ಕಾರ ಕೊಲ್ಲಿಸಿದ ಕೋಳಿಗೆ ಪರಿಹಾರ ಉಂಟು, ರೋಗದಿಂದ ತಾನಾಗಿ ಸತ್ತ ಕೋಳಿಗೆ ಇಲ್ಲ. ಹಿತ್ತಲಲ್ಲಿ ನಾಲ್ಕು ನಾಟಿ ಕೋಳಿ ಸಾಕಿದ ಅಜ್ಜಿ, ಒಂದು ಸತ್ತ ಕೂಡಲೇ ಪಶು ಆಸ್ಪತ್ರೆಗೆ ತಿಳಿಸಬೇಕು. ಬರಿಗೈಲಿ ಮುಟ್ಟಬಾರದು, ಪುಕ್ಕ ಕೀಳಬಾರದು.

ಮಾರ್ಗಸೂಚಿ ನಂಬಿ ಕೂರೋಕೆ ನನಗೆ ಭಯ. ಕೋವಿಡ್ ಟೈಮಲ್ಲಿ ಆಫೀಸಿನಲ್ಲಿ ಮಾಸ್ಕ್, ಗ್ಲೌಸ್ ಹಂಚೋ ಪಟ್ಟಿ ಟೈಪ್ ಮಾಡಿದವನು ನಾನೇ. ಸಾಹೇಬರಿಂದ ಗ್ರೂಪ್ ಡಿ ವರೆಗೆ ಎಲ್ಲರ ಹೆಸರಿತ್ತು. ಶೌಚಾಲಯ ತೊಳೆಯೋ ಹೊರಗುತ್ತಿಗೆಯ ಇಬ್ಬರು ಅಕ್ಕಂದಿರದ್ದು ಇರಲಿಲ್ಲ. ಮೇಲಿಂದ ಬಂದ ಪಟ್ಟಿ ಅಂತ ನಾನೂ ಸುಮ್ಮನೆ ಟೈಪ್ ಮಾಡಿ ಸಹಿಗೆ ಕಳಿಸಿದೆ. ಒಂದು ವಾರ ಕಳೆದ ಮೇಲೆ ಅವರಲ್ಲೊಬ್ಬರು, ‘ಅಣ್ಣಾ, ನಮಗಿಲ್ವಾ?’ ಅಂದರು.

ಅದಕ್ಕೇ ಕೇಳ್ತಿದ್ದೀನಿ. ನಿಮ್ಮ ತಾಲ್ಲೂಕಿನಲ್ಲಿ ಕೋಳಿ ಹೂಳೋಕೆ ಕರೆಸುವ ದಿನಗೂಲಿಗಳ, ಪೌರಕಾರ್ಮಿಕರ ಹೆಸರು ಕಿಟ್ಟಿನ, ಮಾತ್ರೆಯ ಪಟ್ಟಿಯಲ್ಲಿ ಇದೆಯಾ? ಒಂದು ಆರ್‌ಟಿಐ ಹಾಕಿ. ಉತ್ತರ ಬಂದರೆ ಇಲ್ಲೇ ಕಾಮೆಂಟಿನಲ್ಲಿ ಹಾಕಿ.