ಸೋಲೊಪ್ಪದ ಮೂರನೇ ಒಂದು ಪಾಲು

ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಇನ್ನೂ ವಿದ್ಯಾರ್ಥಿಗಳಾಗಿದ್ದಾಗ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ನಾಯಿಗಳ ಮೇಲೊಂದು ಪ್ರಯೋಗ ಮಾಡಿದರು. ಏನು ಮಾಡಿದರೂ ತಪ್ಪದ ವಿದ್ಯುತ್ ಆಘಾತಕ್ಕೆ ಸಿಕ್ಕಿದ್ದ ನಾಯಿಗಳನ್ನು ಮರುದಿನ ಬೇರೊಂದು ಪೆಟ್ಟಿಗೆಗೆ ಬಿಟ್ಟರು. ಇಲ್ಲಿ ನಡುವಿನ ತಡೆ ಹಾರಿದರೆ ಪಾರು. ಬಹುಪಾಲು ನಾಯಿಗಳು ಹಾರುವ ಗೋಜಿಗೇ ಹೋಗದೆ ಬಿದ್ದಲ್ಲೇ ನರಳಿದವು. 1967ರಲ್ಲಿ ಪ್ರಕಟವಾದ ಈ ಫಲಿತಾಂಶ ‘ಕಲಿತ ಅಸಹಾಯಕತೆ’ ಎಂದು ಹೆಸರಾಯಿತು. ಖಿನ್ನತೆಯ ಅಧ್ಯಯನಕ್ಕೆ ದೊಡ್ಡ ಆಸರೆಯೂ ಆಯಿತು. ಆದರೆ ಸುಮಾರು ಮೂರನೇ ಒಂದು ಪಾಲು ನಾಯಿಗಳು ಅದೇ ಹಿಂಸೆ ಉಂಡೂ ಹಾರಿ ಪಾರಾಗಿದ್ದವು. ಅವು ಏಕೆ ಸೋಲೊಪ್ಪಲಿಲ್ಲ? ಕಾಯಿಲೆಗಿಂತ ಮನುಷ್ಯನ ಬಲಗಳನ್ನು ಅರಸುವ ಸಕಾರಾತ್ಮಕ ಮನೋವಿಜ್ಞಾನದ ಚರಿತ್ರೆಯನ್ನು ನಾನು ಓದುವುದು ಈ ಪ್ರಶ್ನೆಯ ಬೆನ್ನು ಹಿಡಿದೇ.

ಪ್ರಶ್ನೆ ತಡವಾಗಿ ಎದ್ದದ್ದಕ್ಕೆ ಕಾರಣವಿದೆ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಸರ್ಕಾರದ ಹಣ ಹರಿದದ್ದು ಮಾನಸಿಕ ಕಾಯಿಲೆಗಳ ಕಡೆಗೆ. ನೊಂದ ಸೈನಿಕರು ಕಣ್ಣೆದುರಿಗಿದ್ದರು, ಆ ಆದ್ಯತೆ ತಪ್ಪೇನಲ್ಲ. ಅಬ್ರಹಾಂ ಮ್ಯಾಸ್ಲೊ 1954ರಷ್ಟು ಹಿಂದೆಯೇ ತಮ್ಮ ಪುಸ್ತಕದ ಅಧ್ಯಾಯವೊಂದಕ್ಕೆ ‘ಸಕಾರಾತ್ಮಕ ಮನೋವಿಜ್ಞಾನದತ್ತ’ ಎಂಬರ್ಥದ ಹೆಸರಿಟ್ಟಿದ್ದರು. ಆರೋಗ್ಯವೆಂದರೆ ಕಾಯಿಲೆ ಇಲ್ಲದಿರುವುದಷ್ಟೇ ಅಲ್ಲ ಎಂದು ಮರಿ ಯಾಹೋಡಾ 1958ರಲ್ಲಿ ವಾದಿಸಿದರು. ಹೊಳಹುಗಳಿದ್ದವು, ಅಳತೆಗೋಲು ಇರಲಿಲ್ಲ.

ಅಳತೆಯ ತಾಳ್ಮೆ ಕಂಡದ್ದು ಹವಾಯಿಯ ಕವಾಯಿ ದ್ವೀಪದಲ್ಲಿ. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಹಿಂಬಾಲಿಸಿದರು. ಬಡತನ, ಹೆರಿಗೆಯ ತೊಡಕು, ಕುಡಿತ, ಜಗಳದ ಮನೆ ಹೀಗೆ ಹಲವು ಕಷ್ಟಗಳು ಒಟ್ಟಿಗೇ ಮುತ್ತಿದ್ದ ಮಕ್ಕಳಲ್ಲಿ ಇಲ್ಲೂ ಸುಮಾರು ಮೂರನೇ ಒಂದು ಪಾಲು ಸಮರ್ಥರಾಗಿ, ಪರರ ನೋವು ಬಲ್ಲವರಾಗಿ ಬೆಳೆದರು. ಅವರ ಬಾಲ್ಯದಲ್ಲಿ ಮತ್ತೆ ಮತ್ತೆ ಕಂಡದ್ದು ಆಸರೆಯಾದ ಒಬ್ಬ ಹಿರಿಯ ಜೀವ: ಅಜ್ಜಿಯೋ ನೆರೆಯವರೋ ಮೇಷ್ಟರೋ. ಈ ಕ್ಷೇತ್ರದ ಅತಿ ಬೆಲೆಯುಳ್ಳ ಅಧ್ಯಯನ ಇದೇ ಎಂದು ನನ್ನ ನಂಬಿಕೆ. ಆಗಿನ್ನೂ ಕ್ಷೇತ್ರಕ್ಕೆ ಹೆಸರೇ ಬಿದ್ದಿರಲಿಲ್ಲ.

ಹೆಸರು ಬಿದ್ದದ್ದು 1998ರಲ್ಲಿ, ಸೆಲಿಗ್‌ಮನ್ ಅಮೆರಿಕದ ಮನೋವಿಜ್ಞಾನಿಗಳ ಸಂಘಕ್ಕೆ ಅಧ್ಯಕ್ಷರಾಗಿದ್ದಾಗ. ತೋಟದಲ್ಲಿ ಕಳೆ ಕೀಳುವಾಗ ಐದು ವರ್ಷದ ಮಗಳ ಮೇಲೆ ರೇಗಿದ್ದನ್ನು ಅವರೇ ಬರೆದುಕೊಂಡಿದ್ದಾರೆ. ನಾನು ಹುಟ್ಟುಹಬ್ಬದಂದು ರಗಳೆ ಮಾಡುವುದನ್ನು ಬಿಟ್ಟೆ, ನೀನೂ ಸಿಡುಕುವುದನ್ನು ಬಿಡಬಹುದಲ್ಲ ಎಂದಳಂತೆ ಮಗಳು. ಮಗುವಿನ ತಪ್ಪು ತಿದ್ದುವುದಕ್ಕಿಂತ ಅದರಲ್ಲಿರುವ ಸತ್ವವನ್ನು ಪೋಷಿಸುವುದು ಮುಖ್ಯ ಎಂದು ಅವರಿಗೆ ಅನಿಸಿದ್ದು ಆಗ. ಎರಡು ವರ್ಷದಲ್ಲಿ ಅವರೂ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿಯೂ ಸೇರಿ ಸಂಘದ ಪತ್ರಿಕೆಯ ವಿಶೇಷ ಸಂಚಿಕೆ ತಂದರು. ಬಂಡೆ ಹತ್ತುವವರು, ಚದುರಂಗದಾಟಗಾರರು, ಶಸ್ತ್ರವೈದ್ಯರನ್ನು ಮಾತಾಡಿಸಿ ಚಿಕ್‌ಸೆಂಟ್‌ಮಿಹಾಯಿ ಗುರುತಿಸಿದ್ದ ‘ಫ್ಲೋ’ ಸ್ಥಿತಿ ನಮಗೆ ಅಪರಿಚಿತವಲ್ಲ. ಮೈಮರೆತು ಕೆಲಸ ಮಾಡಿದ ಎನ್ನುವಾಗ ಕನ್ನಡ ಹೇಳುವುದು ಅದನ್ನೇ. ಕೆಲಸ ತೀರ ಸುಲಭವೂ ಆಗಿರಬಾರದು, ಕೈಮೀರಿಯೂ ಇರಬಾರದು.

ಮುಂದಿನ ಹೆಜ್ಜೆಗಳು ಚುರುಕಾಗಿ ಬಿದ್ದವು. ಗ್ರೀಕ್, ಕನ್‌ಫ್ಯೂಷಿಯಸ್, ಬೌದ್ಧ, ಹಿಂದೂ, ಇಸ್ಲಾಂ ಪರಂಪರೆಗಳನ್ನೂ ಜಾಲಾಡಿ ಕ್ರಿಸ್ಟೋಫರ್ ಪೀಟರ್ಸನ್ ಮತ್ತು ಸೆಲಿಗ್‌ಮನ್ 2004ರಲ್ಲಿ 24 ಗುಣಬಲಗಳನ್ನು ಪಟ್ಟಿಮಾಡಿದರು. ರಾತ್ರಿ ಮಲಗುವ ಮುನ್ನ ಆ ದಿನದ ಮೂರು ಒಳ್ಳೆಯ ಸಂಗತಿಗಳನ್ನು, ಅವು ಏಕೆ ನಡೆದವು ಎಂಬುದನ್ನು ಒಂದು ವಾರ ಬರೆದವರಲ್ಲಿ ಆರು ತಿಂಗಳ ನಂತರವೂ ನೆಮ್ಮದಿ ಹೆಚ್ಚಿತ್ತು ಎಂದು 2005ರ ಅಧ್ಯಯನ ಹೇಳಿತು. ಇಂಥ ಅಭ್ಯಾಸಗಳ ಫಲ ನಂತರದ ಮರುವಿಶ್ಲೇಷಣೆಗಳಲ್ಲಿ ಚಿಕ್ಕದಾಗಿಯೇ ಕಂಡಿದೆ.

ಎಡವಿದ್ದೂ ಉಂಟು. ಒಂದು ನಕಾರಾತ್ಮಕ ಭಾವಕ್ಕೆ 2.9013 ಸಕಾರಾತ್ಮಕ ಭಾವಗಳಿದ್ದರೆ ಬದುಕು ಅರಳುತ್ತದೆ ಎಂದು ಬಾರ್ಬರಾ ಫ್ರೆಡ್ರಿಕ್‌ಸನ್ ಮತ್ತು ಮಾರ್ಸಿಯಲ್ ಲೊಸಾಡಾ 2005ರಲ್ಲಿ ಬರೆದಿದ್ದರು. ಐವತ್ತು ದಾಟಿ ಮತ್ತೆ ಓದಲು ಕೂತಿದ್ದ ಸ್ನಾತಕೋತ್ತರ ವಿದ್ಯಾರ್ಥಿ ನಿಕ್ ಬ್ರೌನ್‌ಗೆ ಆ ಲೆಕ್ಕ ಒಪ್ಪಲಿಲ್ಲ. ಅವರು ಅಲನ್ ಸೋಕಲ್, ಹ್ಯಾರಿಸ್ ಫ್ರೀಡ್‌ಮನ್ ಜತೆ 2013ರಲ್ಲಿ ಅದರ ಗಣಿತಕ್ಕೆ ಬುಡವೇ ಇಲ್ಲವೆಂದು ತೋರಿಸಿಕೊಟ್ಟರು. ಮನುಷ್ಯನ ಸುಖಕ್ಕೆ ನಾಲ್ಕು ದಶಾಂಶದ ನಿಖರತೆಯನ್ನು ಎಂಟು ವರ್ಷ ಒಪ್ಪಿಕೊಂಡದ್ದು ಈ ಕ್ಷೇತ್ರಕ್ಕೆ ತಟ್ಟಲೇಬೇಕಾದ ಪೆಟ್ಟು.

ಅದಕ್ಕಿಂತ ಆಳವಾದ ತಕರಾರು ಬೇರೆ. ಬಲವೆಲ್ಲ ಒಳಗೇ ಇದೆ ಎಂದರೆ ಸೋತವರನ್ನೇ ದೂರಿದಂತಾಗುತ್ತದೆ. ರಾಬರ್ಟ್ ಬಿಸ್ವಾಸ್-ಡೀನರ್ ಮತ್ತು ಎಡ್ ಡೀನರ್ ಕೋಲ್ಕತ್ತದ ಕೊಳೆಗೇರಿ, ಫುಟ್‌ಪಾತ್‌ಗಳ ಜನರನ್ನು ಮಾತಾಡಿಸಿ 2001ರಲ್ಲಿ ಬರೆದರು: ಒಟ್ಟು ಬದುಕಿನ ಬಗ್ಗೆ ಅವರಿಗೆ ಅಷ್ಟಾಗಿ ತೃಪ್ತಿ ಇರಲಿಲ್ಲ, ಹತ್ತಿರದ ಸಂಬಂಧಗಳ ಬಗ್ಗೆ ಇತ್ತು. ಆ ತೃಪ್ತಿ ನಿಜ. ಅದನ್ನು ತೋರಿಸಿ ಸೂರು, ನೀರು ಕೊಡದೆ ಕೈತೊಳೆದುಕೊಳ್ಳುವುದು ಅನ್ಯಾಯ.

ಸುಮಾರು ಐವತ್ತು ವರ್ಷಗಳ ನಂತರ, 2016ರಲ್ಲಿ, ಮೇಯರ್ ಮತ್ತು ಸೆಲಿಗ್‌ಮನ್ ತಮ್ಮ ಮೊದಲ ಸಿದ್ಧಾಂತವನ್ನೇ ತಿರುವಿ ಹಾಕಿದರು. ಇಲಿಗಳ ಮಿದುಳಿನ ಅಧ್ಯಯನದಿಂದ ಅವರಿಗೆ ಕಂಡದ್ದು: ದೀರ್ಘ ನೋವಿಗೆ ಕುಸಿಯುವುದು ಸಹಜ ಪ್ರತಿಕ್ರಿಯೆ, ಅದನ್ನು ಕಲಿಯಬೇಕಿಲ್ಲ. ಕಲಿಯಬೇಕಾದದ್ದು ನನ್ನ ಕೈಲಿ ಏನೋ ಸಾಧ್ಯ ಎಂಬುದನ್ನು. ಮಿದುಳಿನ ಮುಂಭಾಗ ಅದನ್ನು ಕಲಿತು ಉಳಿಸಿಕೊಳ್ಳುತ್ತದೆ. ಕಲಿಯಲು ಒಮ್ಮೆಯಾದರೂ ಕೈಗೂಡಬೇಕಲ್ಲ. ಕವಾಯಿಯಲ್ಲಿ ಹದಿಹರೆಯದಲ್ಲಿ ದಾರಿತಪ್ಪಿದ್ದವರನ್ನು ವರ್ನರ್ 32ರ, 40ರ ವಯಸ್ಸಿನಲ್ಲಿ ಮತ್ತೆ ಭೇಟಿಯಾದಾಗ ಅವರಲ್ಲಿ ಹೆಚ್ಚಿನವರು ಬದುಕನ್ನು ಹಳಿಗೆ ತಂದುಕೊಂಡಿದ್ದರು. ಕೆಲವರಿಗೆ ಊರಿನ ಕಾಲೇಜು ಎರಡನೇ ಅವಕಾಶ ಕೊಟ್ಟಿತ್ತು, ಕೆಲವರಿಗೆ ಸೇನೆಯ ನೌಕರಿ, ಇನ್ನು ಕೆಲವರಿಗೆ ಒಳ್ಳೆಯ ಬಾಳಸಂಗಾತಿ.