ಜಪ್ತಿಯಾದ ಮಾಲು ಯಾರದು?

ಜಪ್ತಿ ಬೇರೆ, ಮುಟ್ಟುಗೋಲು ಬೇರೆ. ಮಾತಿನಲ್ಲಿ ನಾವು ಎರಡನ್ನೂ ಒಂದೇ ಮಾಡಿಬಿಡುತ್ತೇವೆ. ಕಸ್ಟಮ್ಸ್‌ನವರು ಮಾಲು ಹಿಡಿದಿಟ್ಟರೆ ಅದು ಜಪ್ತಿ, ಮಾಲು ಇನ್ನೂ ಮಾಲೀಕನದೇ. ವಿಚಾರಣೆಯಾಗಿ ಮುಟ್ಟುಗೋಲಿನ ಆದೇಶವಾದರೆ ಮಾತ್ರ ಅದು ಸರ್ಕಾರಕ್ಕೆ ಸೇರುತ್ತದೆ. ಮೇಲ್ಮನವಿ ಬಾಕಿ ಇದ್ದರೆ ಅದೂ ಕೊನೆಯ ಮಾತಲ್ಲ. ಈ ನಡುವೆ ಮಾಲು ಕೈತಪ್ಪಿದರೆ ಹೊಣೆ ಯಾರದು? ಗ್ರಾಹಕರು ಅಡವಿಟ್ಟ ಚಿನ್ನವನ್ನು ಬ್ಯಾಂಕಿನಲ್ಲಿ ಕಾಯುವ ನನ್ನಂಥವರಿಗೆ ಇದು ದಿನನಿತ್ಯದ ಪ್ರಶ್ನೆ. ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ಜುನಾಗಢದ ಒಂದು ಮೊಕದ್ದಮೆಯಲ್ಲಿ.

1947. ಜುನಾಗಢದ ನವಾಬರು ಪಾಕಿಸ್ತಾನಕ್ಕೆ ಸೇರುತ್ತೇನೆಂದರು. ನವೆಂಬರ್ 9ರಂದು ಆಡಳಿತ ಭಾರತದ ಕೈಗೆ ಬಂತು. ಅದೇ ಗದ್ದಲದ ವರ್ಷ ಅಲ್ಲಿನ ಕಸ್ಟಮ್ಸ್‌ನವರು ಒಬ್ಬರ ಎರಡು ಲಾರಿ, ಒಂದು ಸ್ಟೇಷನ್ ವ್ಯಾಗನ್ ಹಿಡಿದರು. ಆಮದು ಸುಂಕ ಕಟ್ಟಿಲ್ಲ, ಕಳ್ಳಸಾಗಣೆಗೆ ಬಳಸಿದ್ದಾರೆ ಎಂಬ ಆರೋಪ. ವಾಹನಗಳು ಮುಟ್ಟುಗೋಲಾದವು. ಮಾಲೀಕರು ರೆವಿನ್ಯೂ ಟ್ರಿಬ್ಯುನಲ್‌ಗೆ ಮೇಲ್ಮನವಿ ಹಾಕಿದರು.

ಅದು ಇತ್ಯರ್ಥವಾಗುವ ಮೊದಲೇ ಪೊಲೀಸರು ಮ್ಯಾಜಿಸ್ಟ್ರೇಟರ ಮುಂದೆ ಹೋಗಿ, ಇವು ವಾರಸುದಾರರಿಲ್ಲದ ವಾಹನಗಳು ಎಂದು ಹೇಳಿ ಆದೇಶ ಪಡೆದು ವಿಲೇವಾರಿ ಮಾಡಿಸಿಬಿಟ್ಟರು! ಆಮೇಲೆ ಟ್ರಿಬ್ಯುನಲ್ ಮುಟ್ಟುಗೋಲನ್ನು ರದ್ದು ಮಾಡಿ, ವಾಹನಗಳನ್ನು ಮಾಲೀಕರಿಗೆ ಮರಳಿಸಿ ಎಂದಿತು. ಮರಳಿಸಲು ವಾಹನಗಳೆಲ್ಲಿ?

ಸರ್ಕಾರದ ವಾದ ನೋಡಿ: ಇವರಿಗೂ ನಮಗೂ ಕರಾರೇ ಇಲ್ಲ, ಆದ್ದರಿಂದ ಕಾಯುವ ಹೊಣೆಯೂ ಇಲ್ಲ. 1967ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ತೀರ್ಪು ಬರೆದವರು ನ್ಯಾಯಮೂರ್ತಿ ಶೇಲತ್. ಕಾನೂನಿನ ಬಲದಿಂದ ಇನ್ನೊಬ್ಬರ ವಸ್ತು ಹಿಡಿದವರು ಕರಾರಿಲ್ಲದಿದ್ದರೂ ಅದನ್ನು ಜೋಪಾನ ಮಾಡಬೇಕು. ಮೇಲ್ಮನವಿಯಲ್ಲಿ ಮಾಲೀಕ ಗೆದ್ದರೆ ಮರಳಿಸಬೇಕು, ಆಗದಿದ್ದರೆ ಬೆಲೆ ಕೊಡಬೇಕು.

ಅಷ್ಟು ಹೊತ್ತಿಗೆ ಜುನಾಗಢ ಸೌರಾಷ್ಟ್ರಕ್ಕೆ ಸೇರಿ, ಸೌರಾಷ್ಟ್ರ 1956ರಲ್ಲಿ ಮುಂಬಯಿ ರಾಜ್ಯಕ್ಕೆ ಸೇರಿ, 1960ರಲ್ಲಿ ಗುಜರಾತ್ ಹುಟ್ಟಿತ್ತು. ಹೊಣೆ ಗುಜರಾತಿನ ಹೆಗಲಿಗೆ ಬಂತು. ವಿಜಯಾ, ಸಿಂಡಿಕೇಟ್ ಬ್ಯಾಂಕುಗಳು ವಿಲೀನವಾದರೂ ನಮ್ಮ ಠೇವಣಿ ಉಳಿದ ಹಾಗೆಯೇ ಇದು.

ಎಲ್ಲರಿಗೂ ಇಂಥ ನ್ಯಾಯ ಸಿಗಲಿಲ್ಲ. 1947ರಲ್ಲೇ ಮೀರತ್‌ನಲ್ಲಿ ಅಮೃತಸರದ ವ್ಯಾಪಾರಿಯೊಬ್ಬರ ಚಿನ್ನವನ್ನು ಪೊಲೀಸರು ಸಂಶಯದ ಮೇಲೆ ಹಿಡಿದರು. ಠಾಣೆಯ ಹೆಡ್ ಕಾನ್ಸ್‌ಟೇಬಲ್ ಅದನ್ನು ಎತ್ತಿಕೊಂಡು ಪಾಕಿಸ್ತಾನಕ್ಕೆ ಓಡಿಹೋದ. 1964ರಲ್ಲಿ ಸುಪ್ರೀಂ ಕೋರ್ಟ್, ಇದು ಸರ್ಕಾರದ ಸಾರ್ವಭೌಮ ಅಧಿಕಾರದ ಕೆಲಸ, ಪರಿಹಾರವಿಲ್ಲ ಎಂದಿತು. ಆ ತೀರ್ಪು ಕೊಟ್ಟವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ್ದ ಮುಖ್ಯ ನ್ಯಾಯಮೂರ್ತಿ ಗಜೇಂದ್ರಗಡ್ಕರ್. ಈ ಕಾನೂನು ಬದಲಾಗಬೇಕೆಂದು ಅವರೇ ಹೇಳಿದ್ದರು.

1962ರ ಕಸ್ಟಮ್ಸ್ ಕಾಯಿದೆಯ 110ನೇ ಸೆಕ್ಷನ್ ಪ್ರಕಾರ, ಜಪ್ತಿಯಾಗಿ ಆರು ತಿಂಗಳೊಳಗೆ ನೋಟಿಸ್ ಕೊಡದಿದ್ದರೆ ಮಾಲನ್ನು ಯಾರಿಂದ ಹಿಡಿದರೋ ಅವರಿಗೇ ಮರಳಿಸಬೇಕು. ಹಿರಿಯ ಅಧಿಕಾರಿ ಕಾರಣ ಬರೆದು ಇನ್ನೂ ಆರು ತಿಂಗಳವರೆಗೆ ಮುಂದೂಡಬಹುದು. ಬಾಂಡ್ ಬರೆದುಕೊಟ್ಟು ತಾತ್ಕಾಲಿಕವಾಗಿ ಬಿಡಿಸಿಕೊಳ್ಳುವ ದಾರಿ 2006ರಲ್ಲಿ ಸೇರಿತು.

ಊರಿಗೆ, ವಿದೇಶಕ್ಕೆ ಓಡಾಡುವ ನಮ್ಮವರಿಗೆ ಒಂದು ಮಾತು: ವಿಮಾನ ನಿಲ್ದಾಣದಲ್ಲಿ ಏನಾದರೂ ಹಿಡಿದರೆ ಪಂಚನಾಮೆಯ ಪ್ರತಿ ಕೇಳಿ ಪಡೆಯಿರಿ. ಅದರ ಮೇಲಿನ ತಾರೀಖಿನಿಂದಲೇ ಆ ಆರು ತಿಂಗಳ ಲೆಕ್ಕ ಶುರು.