ಜೇನುಹುಳವಿಲ್ಲದ ಜೇನು

ಒಂದು ಲೋಟ ನಿಂಬೆ ಪಾನಕಕ್ಕೆ ಜೇನುತುಪ್ಪ ಕಲಸಿಕೊಂಡು ಕೂತಿದ್ದೀನಿ. ಇವತ್ತಿನ ಕಥೆ ಈ ಒಂದು ಚಮಚದ್ದೇ.

ಪ್ರಾಚೀನ ರೋಮನ್ನರ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿ ಇರಲಿಲ್ಲ. ಸಿಹಿಗೆ ಮುಖ್ಯವಾಗಿ ಜೇನೇ. ವೈನ್‌ಗೆ ಜೇನು ಬೆರೆಸಿದ 'ಮುಲ್ಸಮ್' ಅನ್ನು ಊಟದ ಶುರುವಿನಲ್ಲೇ ಕೊಡ್ತಿದ್ದರು. ಅಪಿಸಿಯಸ್ ಹೆಸರಿನಲ್ಲಿ ಉಳಿದಿರುವ ಅಡುಗೆ ಪುಸ್ತಕದಲ್ಲಿ ಮಾಂಸದ ಸಾಸ್‌ಗೂ ಜೇನು, ವಿನೆಗರ್ ಬೀಳುತ್ತೆ.

ಸಕ್ಕರೆಯ ತವರು ನಮ್ಮ ಕಡೆ. ಕ್ರಿ.ಪೂ. 4ನೇ ಶತಮಾನದಲ್ಲಿ ಅಲೆಕ್ಸಾಂಡರನ ನೌಕಾಪಡೆಯ ಮುಖ್ಯಸ್ಥ ನಿಯಾರ್ಕಸ್ ಇಲ್ಲಿ ಕಬ್ಬು ನೋಡಿ, ಹುಳವಿಲ್ಲದೆ ಜೇನು ಕೊಡುವ ಜೊಂಡು ಅಂತ ವರ್ಣಿಸಿದ. ಕ್ರಿ.ಶ. 1ನೇ ಶತಮಾನದ ರೋಮಿನಲ್ಲೂ ಸಕ್ಕರೆ ಔಷಧಿಗೆ ಮಾತ್ರ ಅಂತ ಪ್ಲಿನಿ ಬರೆದಿದ್ದಾನೆ. ಅಂದ್ರೆ ಜೇನು ಅಡುಗೆಗೆ, ಸಕ್ಕರೆ ಮದ್ದಿಗೆ.

ಈಗ ಪೂರ್ತಿ ಉಲ್ಟಾ. ಸಕ್ಕರೆ ಅಗ್ಗ, ಜೇನು ದುಬಾರಿ, ಅದನ್ನೇ ಆರೋಗ್ಯಕ್ಕೆ ಅಂತ ಕೊಳ್ತೀವಿ. ಬಿ.ಕಾಂ. ಓದಿದ ನನಗೆ ಇದರ ಮುಂದಿನ ಲೆಕ್ಕ ಸುಲಭ: ಅಗ್ಗದ ಮಾಲು ದುಬಾರಿ ಮಾಲಿನ ವೇಷ ಹಾಕುತ್ತೆ. 2020ರ ಡಿಸೆಂಬರ್‌ನಲ್ಲಿ ದೆಹಲಿಯ ಸಿಎಸ್‌ಇ ಸಂಸ್ಥೆ 13 ಬ್ರ್ಯಾಂಡ್‌ಗಳ ಜೇನು ಪರೀಕ್ಷೆ ಮಾಡಿಸಿ ಫಲಿತಾಂಶ ಹೊರಗಿಟ್ಟಿತು. ಎಲ್ಲ ಪರೀಕ್ಷೆಯಲ್ಲೂ ಪಾಸಾದದ್ದು 3 ಮಾತ್ರ. ಉಳಿದವುಗಳಲ್ಲಿ ಸಕ್ಕರೆ ಪಾಕ ಬೆರೆತಿದೆ ಅಂತ ಅದು ಹೇಳಿತು, ಕಂಪನಿಗಳು ಅಲ್ಲಗಳೆದವು.

ನಮ್ಮಮ್ಮ ಈಗಲೂ ಒಂದು ಹನಿ ನೀರಿಗೆ ಬಿಟ್ಟು ನೋಡ್ತಾರೆ. ತಳ ಸೇರಿದರೆ ಅಸಲಿ. ಆದರೆ ಗಟ್ಟಿ ಪಾಕವೂ ತಳ ಸೇರುತ್ತಲ್ಲ! ಈ ಲೋಟಕ್ಕೆ ಹಾಕಿದ ಜೇನೂ ಅಮ್ಮನ ಪರೀಕ್ಷೆಯಲ್ಲಿ ಪಾಸಾದದ್ದೇ.